ಬಿಸಿ ನೆಲದ ಮೇಲಿನ ಸಂಕ

ಈ ಬ್ಲಾಗಿನ ಕಡೆ ತಲೆ ಹಾಕದೆ ಎಷ್ಟೋ ತಿಂಗಳಾಯ್ತು. ಆಫೀಸು, ರಿಲೀಸು, ಮತ್ತೆ ಆಫೀಸು... ಕಾರಣ ಹೇಳೋಕೆ ಹೋದ್ರೆ ಅದೇ ಒಂದು ಪೋಸ್ಟ್ ಆಗತ್ತೆ, ಬಿಡಿ. ಇದನ್ನೂ ಡ್ರಾಫ್ಟಿನಲ್ಲಿ ನಾಲ್ಕು ಸಾಲು ಬರೆದು ಇಟ್ಟು ಸುಮಾರು ದಿನ ಆಗಿತ್ತು. ಪ್ರವಾಸ ಕಥನ ಅಂತ ಶುರು ಮಾಡಿದ್ದು, ಅದು ಎಲ್ಲಿಗೋ ಹೋಯ್ತು. ಅಮ್ಮನ್ನ ಕೇಳ್ದೆ, "ಬರೀಲಾ?" ಅಂತ. "ಬರ್ಕೋ. ಹೆಸರು ಗಿಸರು ಹಾಕ್ಬೇಡ" ಅಂದ್ಲು. ಹಾಗಾಗಿ ಇವತ್ತು ಪೂರ್ತಿ ಮಾಡ್ತಾ ಇದೀನಿ. ಸ್ವಲ್ಪ ಉದ್ದ ಆಗಿದೆ, ಕಾಫಿ ಮಾಡ್ಕೊಂಡು ಬಂದು ಓದಿ.

2024ರ ಆಗಸ್ಟ್ ಕೊನೆಗೆ ಅಮ್ಮ ನನ್ನ ಹತ್ರ ಸಾಲ್ಟ್ ಲೇಕ್ ಸಿಟಿಗೆ ಬಂದಿದ್ಲು. ಒಬ್ಬಳೇ. ಅಪ್ಪನೂ ಬರ್ಬೇಕು ಅಂತ ನಾನು ಎಷ್ಟು ಗೋಗರೆದರೂ, "ಎರಡು ದನ, ಒಂದು ಎಮ್ಮೆ, ಇಷ್ಟು ತೋಟ... ಇದನ್ನೆಲ್ಲ ಯಾರ ತಲೆಗೆ ಕಟ್ಟಿ ಬರ್ಲಿ? ನೀವು ತಾಯಿ ಮಗ ಸುತ್ತಿ ಬನ್ನಿ" ಅಂದುಬಿಟ್ರು. ನಮ್ಮ ಮಲೆನಾಡಿನ ಅಪ್ಪಂದಿರು ಗೊತ್ತಲ್ಲ, ಪಾಸ್‌ಪೋರ್ಟ್ ಮಾಡಿಸಿ ಬೀರುವಿನಲ್ಲಿ ಇಟ್ಟು, ಅದು ಎಕ್ಸ್‌ಪೈರ್ ಆಗೋದನ್ನೇ ಕಾಯ್ತಾ ಇರ್ತಾರೆ.

ಒಂದು ಗುರುವಾರ ರಾತ್ರಿ ಊಟಕ್ಕೆ ಕೂತಾಗ ನಾನು, "ಅಮ್ಮಾ, ಈ ವೀಕೆಂಡ್ ಯೆಲ್ಲೋಸ್ಟೋನ್‌ಗೆ ಹೋಗೋಣ. ಗೀಸರ್ ನೋಡ್ಕೊಂಡು ಬರೋಣ" ಅಂದೆ.

"ಗೀಸರ್ ನೋಡಕ್ಕೆ ಐದು ಗಂಟೆ ಕಾರಲ್ಲಿ ಕೂತು ಹೋಗ್ಬೇಕಾ? ನಿನ್ನ ಬಚ್ಚಲಲ್ಲೇ ಇಲ್ವೇನೋ?"

ಅಮ್ಮ ತಮಾಷೆ ಮಾಡ್ತಾ ಇರ್ಲಿಲ್ಲ. ಅವಳ ಪ್ರಕಾರ ಗೀಸರ್ ಅಂದ್ರೆ ಗೋಡೆಗೆ ನೇತು ಹಾಕಿರೋ ಬಿಳಿ ಡಬ್ಬಿ. ಐಸ್‌ಲ್ಯಾಂಡಿನಲ್ಲಿ ಗೇಸಿರ್ ಅಂತ ಒಂದು ಬಿಸಿನೀರಿನ ಬುಗ್ಗೆ ಇದೆ, ನೆಲದೊಳಗಿಂದ ಕಾರಂಜಿ ತರ ನೀರು ಹಾರೋದಕ್ಕೆಲ್ಲ ಅದರ ಹೆಸರೇ ಬಂತು, ನಮ್ಮ ಬಚ್ಚಲಿನ ಡಬ್ಬಿಗೂ ಅದೇ ಹೆಸರು ಅಂಟಿಕೊಂಡಿತು ಅಂತ ವಿವರಿಸಿದೆ. "ಹೌದಾ" ಅಂದು ಮಜ್ಜಿಗೆ ಬಡಿಸಿದ್ಲು. ಅಷ್ಟೇ.

ಹೊರಡೋ ದಿನ ಅವಳು ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಮೊಸರನ್ನ ಎಲ್ಲ ಕಟ್ಟಿಕೊಂಡಿದ್ಲು. ದಾರಿಯಲ್ಲಿ ಐಡಹೋದ ಆಲೂಗಡ್ಡೆ ಹೊಲಗಳನ್ನ ನೋಡಿ, "ಇಷ್ಟು ಜಾಗಕ್ಕೆ ಒಂದು ಬೇಲಿಯೂ ಇಲ್ವಲ್ಲೋ, ದನ ನುಗ್ಗಲ್ವಾ?" ಅಂತ ಕೇಳಿದ್ದು ಬಿಟ್ರೆ ಹೆಚ್ಚು ಮಾತಿಲ್ಲ. ಸಂಜೆ ವೆಸ್ಟ್ ಯೆಲ್ಲೋಸ್ಟೋನ್ ಅನ್ನೋ ಪುಟ್ಟ ಊರು ಸೇರಿ ರೂಮು ಹಿಡಿದ್ವಿ. ಅಲ್ಲಿನ ಒಂದು ಅಂಗಡಿಯಲ್ಲಿ ಬೈಸನ್ ಚಿತ್ರ ಇರೋ ಒಂದು ಟೋಪಿ ಕಂಡ್ತು. ಅಪ್ಪನಿಗೆ ಚೆನ್ನಾಗಿರತ್ತೆ ಅಂತ ತಗೊಂಡೆ. ಇಪ್ಪತ್ತೆಂಟು ಡಾಲರ್. ಅಮ್ಮ ಮನಸ್ಸಲ್ಲೇ ಗುಣಿಸಿ, "ಎರಡು ಸಾವಿರ ಚಿಲ್ಲರೆ! ನಿಮ್ಮಪ್ಪಂಗೆ ಹಾಳೆ ಟೋಪಿ ಸಾಕು ಮಾರಾಯ, ತೋಟದಲ್ಲಿ ಪುಕ್ಕಟೆ ಬಿದ್ದಿರತ್ತೆ" ಅಂದ್ಲು. ಬ್ಯಾಗಲ್ಲಿ ಹಾಕಿದ್ರೆ ಮುದ್ದೆಯಾಗತ್ತೆ ಅಂತ ಮಾರನೇ ದಿನ ಅದನ್ನ ನನ್ನ ತಲೆ ಮೇಲೇ ಇಟ್ಕೊಂಡೆ. ಈ ಟೋಪಿ ಮುಂದೆ ಬರತ್ತೆ, ನೆನಪಿಟ್ಟುಕೊಳ್ಳಿ.

ರಾತ್ರಿ ಒಂದು ಎಡವಟ್ಟಾಯ್ತು. ನಮ್ಮ ಫ್ಯಾಮಿಲಿ ವಾಟ್ಸಾಪ್ ಗುಂಪಿಗೆ ಅತ್ತೆ ಮಗ ಒಂದು ವಿಡಿಯೋ ಹಾಕಿದ್ದ. ಅದೇ ವರ್ಷ ಜುಲೈ 23ರಂದು ಯೆಲ್ಲೋಸ್ಟೋನಿನ ಬಿಸ್ಕತ್ ಬೇಸಿನ್ ಅನ್ನೋ ಜಾಗದಲ್ಲಿ ಬ್ಲ್ಯಾಕ್ ಡೈಮಂಡ್ ಪೂಲ್ ಹತ್ರ ನೆಲ ಸಿಡಿದು ಕಪ್ಪು ಕೆಸರು, ಕಲ್ಲು ಎಲ್ಲ ಮೇಲಕ್ಕೆ ಚಿಮ್ಮಿದ್ದ ವಿಡಿಯೋ. ಜನ ಕೂಗ್ತಾ ಓಡ್ತಿರೋದು, ಹಲಗೆ ದಾರಿ ಮುರಿದು ಬಿದ್ದಿರೋದು... ಪುಣ್ಯಕ್ಕೆ ಯಾರಿಗೂ ಏನೂ ಆಗಿರ್ಲಿಲ್ಲ. "ಅತ್ತೆ, ಇಲ್ಲಿಗೇ ಹೋಗ್ತಿರೋದಾ?" ಅಂತ ಅವನ ಪ್ರಶ್ನೆ ಬೇರೆ. ಅಮ್ಮ ಆ ವಿಡಿಯೋನ ಮೂರು ಸಲ ನೋಡಿದ್ಲು.

ಇಂಜಿನಿಯರಿಂಗ್ ಓದಿದ ಮಗ ಸುಮ್ಮನಿರ್ತಾನಾ? ಅದು ಜ್ವಾಲಾಮುಖಿ ಅಲ್ಲ, ನೆಲದ ಕೆಳಗೆ ಒತ್ತಡದಲ್ಲಿ ಸಿಕ್ಕಿಕೊಂಡ ಬಿಸಿನೀರು ಒಮ್ಮೆಗೇ ಉಗಿಯಾದಾಗ ಹಾಗಾಗತ್ತೆ, ಆ ಜಾಗವನ್ನ ಆಗಲೇ ಮುಚ್ಚಿದಾರೆ, ನಾವು ಅಲ್ಲಿಗೆ ಹೋಗ್ತಿಲ್ಲ ಅಂತ ಅರ್ಧ ಗಂಟೆ ಪಾಠ ಮಾಡ್ದೆ. ಅವಳು ದೀಪ ಆರಿಸಿ ಮಲಗಿದ್ಲು. ನಿದ್ದೆ ಮಾಡಿದ್ಲೋ ಇಲ್ವೋ ಗೊತ್ತಿಲ್ಲ.

ಬೆಳಿಗ್ಗೆ ಚಳಿ ಅಂದ್ರೆ ಚಳಿ. ಸೀರೆ, ಅದರ ಮೇಲೆ ನನ್ನ ಹಳೇ ಜಾಕೆಟ್ಟು, ಕಾಲಿಗೆ ಸ್ಪೋರ್ಟ್ಸ್ ಶೂ, ಕಿವಿಗೆ ಮಫ್ಲರು. ಈ ವೇಷದಲ್ಲಿ ಅಮ್ಮ. ಮ್ಯಾಡಿಸನ್ ನದಿ ಪಕ್ಕ ಹೋಗ್ತಾ ರಸ್ತೆ ತಿರುವಿನಲ್ಲಿ ಒಮ್ಮೆಗೇ ಬಯಲು ತೆರೆದುಕೊಳ್ತು. ಆ ಬಯಲಿನ ತುಂಬ ಅಲ್ಲಲ್ಲಿ ಬಿಳೀ ಹೊಗೆ ಏಳ್ತಾ ಇತ್ತು. ನೂರಾರು ಮನೆಗಳಲ್ಲಿ ಒಟ್ಟಿಗೇ ಬಚ್ಚಲ ಒಲೆಗೆ ಬೆಂಕಿ ಹಾಕಿದ ಹಾಗೆ. ಆದ್ರೆ ಮನೆ ಒಂದೂ ಇಲ್ಲ.

ನಾವು ಮೊದಲು ನಿಂತಿದ್ದು ಫೌಂಟನ್ ಪೇಂಟ್ ಪಾಟ್ ಅನ್ನೋ ಕಡೆ. ಓಲ್ಡ್ ಫೇತ್‌ಫುಲ್ ಅನ್ನೋ ಪ್ರಸಿದ್ಧ ಗೀಸರಿಗೆ ಹೋಗೋ ದಾರಿಯಲ್ಲೇ ಬರತ್ತೆ. ಅದನ್ನ ಆರಿಸಿಕೊಂಡಿದ್ದಕ್ಕೆ ಕಾರಣ ಇತ್ತು. ಅಮ್ಮನಿಗೆ ಮಂಡಿ ನೋವು, ಹೆಚ್ಚು ನಡೆಯೋಕೆ ಆಗಲ್ಲ. ಇದು ಬರೀ ಅರ್ಧ ಮೈಲಿಯ ಸುತ್ತು. ಆ ಅರ್ಧ ಮೈಲಿಯಲ್ಲೇ ಯೆಲ್ಲೋಸ್ಟೋನಿನ ನಾಲ್ಕೂ ಬಗೆಯ ವಿಚಿತ್ರಗಳು ಸಿಗ್ತವೆ: ಬಿಸಿನೀರಿನ ಕೊಳ, ಕುದಿಯೋ ಕೆಸರು, ಬರೀ ಉಗಿ ಉಗುಳೋ ಬಿಲಗಳು, ಮತ್ತೆ ಗೀಸರುಗಳು. ಪಾರ್ಕ್ ತುಂಬ ಇಂಥವು ಹತ್ತು ಸಾವಿರಕ್ಕೂ ಹೆಚ್ಚಿವೆ. ಇಡೀ ಜಾಗವೇ ಒಂದು ದೊಡ್ಡ ಜ್ವಾಲಾಮುಖಿಯ ಮೇಲಿದೆ, ಅದು ಕಡೇ ಸಲ ಭಾರೀ ಪ್ರಮಾಣದಲ್ಲಿ ಸಿಡಿದಿದ್ದು ಸುಮಾರು ಆರು ಲಕ್ಷದ ಮೂವತ್ತು ನಲವತ್ತು ಸಾವಿರ ವರ್ಷದ ಹಿಂದೆ. ಆ ಬಿಸಿ ಇನ್ನೂ ಆರಿಲ್ಲ.

ಕಾರಿಳಿದ ತಕ್ಷಣ ಆ ವಾಸನೆ! ಪಿಯುಸಿ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕಿಪ್ಸ್ ಅಪರೇಟಸ್ ಅಂತ ಒಂದು ಗಾಜಿನ ಪಾತ್ರೆ ಇರ್ತಿತ್ತು ನೆನಪಿದೆಯಾ? ಅದೇ ಹೈಡ್ರೋಜನ್ ಸಲ್ಫೈಡ್. ಎಲ್ಲರೂ ಕೊಳೆತ ಮೊಟ್ಟೆ ಅಂತ ಹೇಳ್ತಾರೆ. ಮೊಟ್ಟೆಯನ್ನೇ ಮುಟ್ಟದ ಅಮ್ಮ, ಮಫ್ಲರ್ ಮೂಗಿಗೆ ಒತ್ತಿಕೊಂಡು, "ಯಾರದೋ ಕೊಟ್ಟಿಗೆ ಗುಂಡಿ ಬಗೆದಿದಾರೆ" ಅಂದ್ಲು.

ಎದುರಿಗೆ ಹಲಗೆ ದಾರಿ. ನೆಲದಿಂದ ಸ್ವಲ್ಪ ಮೇಲೆ, ಕಾಲಿಗೆ ಟಕಟಕ ಅನ್ನೋ ಮರದ ಹಲಗೆಗಳು. "ಇದೇನೋ, ಉದ್ದಕ್ಕೂ ಸಂಕ ಹಾಕಿದಾರೆ!" ಅಂದ್ಲು ಅಮ್ಮ. ನನಗೆ ಆ ಪದ ಕೇಳಿ ಎಷ್ಟು ಖುಷಿಯಾಯ್ತು ಗೊತ್ತಾ? ಮಲೆನಾಡಿನವರಿಗೆ ಹೇಳಬೇಕಿಲ್ಲ; ಉಳಿದವರಿಗೆ: ಹಳ್ಳ ದಾಟೋಕೆ ಅಡಿಕೆ ಮರ ಸೀಳಿ ಹಾಕೋ ಕಾಲುದಾರಿಗೆ ಸಂಕ ಅಂತೀವಿ. ಇಂಥ ಸಂಕ ಈ ಪಾರ್ಕಿನಲ್ಲಿ ಒಟ್ಟು ಹದಿನೈದು ಮೈಲಿ ಇದೆಯಂತೆ.

ಶುರುವಿನಲ್ಲೇ ಒಂದು ಎಚ್ಚರಿಕೆ ಫಲಕ. ಒಬ್ಬ ಹುಡುಗ ದಾರಿ ಬಿಟ್ಟು ಇಳಿದಿದಾನೆ, ಅವನ ಕಾಲ ಕೆಳಗೆ ನೆಲ ಕುಸಿದು ಉಗಿ ಏಳ್ತಾ ಇದೆ. ಅಂಥ ಚಿತ್ರ. ಇಂಗ್ಲಿಷ್ ಓದೋಕೆ ಬರಬೇಕು ಅಂತಿಲ್ಲ. ನಾನು ಅದರ ಫೋಟೋ ತೆಗೆದುಕೊಂಡು ಮುಂದೆ ಹೋದೆ. ಹತ್ತು ಹೆಜ್ಜೆ ಹೋಗಿ ನೋಡ್ತೀನಿ, ಅಮ್ಮ ಫಲಕದ ಮುಂದೆಯೇ ನಿಂತಿದಾಳೆ.

"ಬಾ ಅಮ್ಮಾ."

ಬಂದ್ಲು. ಬಂದವಳು ನನ್ನ ಕೈ ಹಿಡಿದುಕೊಂಡ್ಲು. ನಾನು ಇಪ್ಪತ್ತೆಂಟು ವರ್ಷದವನು. ಸುತ್ತ ಜನ. ಮೆತ್ತಗೆ ಬಿಡಿಸಿಕೊಳ್ಳೋಕೆ ನೋಡಿದೆ, ಅವಳು ಬಿಡಲಿಲ್ಲ. ಮಂಡಿ ನೋವಿರಬೇಕು ಅಂದುಕೊಂಡೆ.

ಮೊದಲಿಗೆ ಸಿಗೋದು ಸೆಲೆಸ್ಟೀನ್ ಪೂಲ್. ಎಷ್ಟು ತಿಳಿ ನೀಲಿ ಅಂದ್ರೆ, ಈಗಲೇ ಒಂದು ಚೊಂಬು ತಗೊಂಡು ಮೊಗೆದುಕೊಳ್ಳಬೇಕು ಅನ್ಸತ್ತೆ. ನಾನು ಬರೋದಕ್ಕೆ ಮುಂಚೆ ಎಲ್ಲ ಓದಿಕೊಂಡು ಬಂದಿದ್ದೆ, ಗೈಡ್ ತರ ಶುರು ಮಾಡಿದೆ. 1981ರ ಜುಲೈನಲ್ಲಿ ಇದೇ ಕೊಳಕ್ಕೆ ಒಂದು ನಾಯಿ ಕಾರಿನಿಂದ ತಪ್ಪಿಸಿಕೊಂಡು ಬಂದು ಹಾರಿತು. ನಾಯಿ ಒಡೆಯನ ಸ್ನೇಹಿತ, ಇಪ್ಪತ್ತನಾಲ್ಕು ವರ್ಷದ ಹುಡುಗ, ಉಳಿದವರು ಬೇಡ ಬೇಡ ಅಂತ ಕೂಗ್ತಿದ್ದರೂ ಕೇಳದೆ ಅದನ್ನ ಉಳಿಸೋಕೆ ಧುಮುಕಿದ. ನೀರು ತೊಂಬತ್ತು ಡಿಗ್ರಿ ಸೆಲ್ಸಿಯಸ್ ದಾಟಿತ್ತು. ನಾಯಿಯೂ ಉಳಿಯಲಿಲ್ಲ, ಮಾರನೇ ದಿನ ಅವನೂ ಹೋದ.

ಅಮ್ಮ ನೀರನ್ನೇ ನೋಡ್ತಾ ನಿಂತಿದ್ಲು. ಆಮೇಲೆ ಕೇಳಿದ್ಲು, "ಅವನ ತಾಯಿ ಇದ್ಲಾ ಆಗ?"

"ಗೊತ್ತಿಲ್ಲಮ್ಮ. ಅದನ್ನೆಲ್ಲ ಬರೆದಿರಲ್ಲ."

"ಹ್ಞೂಂ" ಅಂದ್ಲು. ನನ್ನ ಕೈ ಇನ್ನೂ ಬಿಗಿಯಾಯ್ತು.

ನಾನು ಮಾತು ಬದಲಾಯಿಸೋಕೆ ವಿಜ್ಞಾನ ಶುರು ಮಾಡಿದೆ. ಈ ಜಾಗ ಏಳು ಸಾವಿರ ಅಡಿಗಿಂತ ಎತ್ತರದಲ್ಲಿದೆ, ಇಲ್ಲಿ ನೀರು ನೂರು ಡಿಗ್ರಿಗಲ್ಲ, ಸುಮಾರು ತೊಂಬತ್ಮೂರಕ್ಕೇ ಕುದಿಯತ್ತೆ ಅಂದೆ. "ಹಾಗಾದ್ರೆ ಅನ್ನ ಬೇಯಕ್ಕೆ ಹೊತ್ತಾಗತ್ತೆ" ಅಂದ್ಲು ಥಟ್ಟನೆ. ನೋಡಿ, ನನಗೆ ಫಿಸಿಕ್ಸ್ ಮೇಷ್ಟ್ರು ಎರಡು ಪಿರಿಯಡ್ ತಗೊಂಡಿದ್ರು ಇದನ್ನ ಹೇಳೋಕೆ.

ಸೈಲೆಕ್ಸ್ ಸ್ಪ್ರಿಂಗ್ ಅನ್ನೋ ಇನ್ನೊಂದು ಕೊಳದ ಹೊರಗೆ ಹರಿಯೋ ನೀರಿನಲ್ಲಿ ಕಿತ್ತಳೆ, ಕಂದು, ಹಳದಿ ಪದರಗಳು. ಬಣ್ಣ ಬಳಿದ ಹಾಗಿದ್ದರೂ ಅದು ಬಣ್ಣ ಅಲ್ಲ, ಜೀವ. ಬಿಸಿನೀರಿನಲ್ಲೇ ಬದುಕೋ ಬ್ಯಾಕ್ಟೀರಿಯಾಗಳು. 1966ರಲ್ಲಿ ಥಾಮಸ್ ಬ್ರಾಕ್ ಅನ್ನೋ ವಿಜ್ಞಾನಿ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಇದೇ ಲೋವರ್ ಗೀಸರ್ ಬೇಸಿನ್ನಿನ ಇನ್ನೊಂದು ಬುಗ್ಗೆಯಿಂದ ಮಾದರಿ ತೆಗೆದು, ಎಪ್ಪತ್ತು ಡಿಗ್ರಿ ಬಿಸಿಯಲ್ಲಿ ಆರಾಮಾಗಿ ಬೆಳೆಯೋ ಒಂದು ಬ್ಯಾಕ್ಟೀರಿಯಾ ಕಂಡುಹಿಡಿದರು. 1969ರಲ್ಲಿ ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಅಂತ ಹೆಸರಿಟ್ಟರು. ಕುದಿಸಿದರೂ ಹಾಳಾಗದ ಅದರ ಕಿಣ್ವ ಮುಂದೆ ಪಿಸಿಆರ್ ಪರೀಕ್ಷೆಗೆ ಆಧಾರವಾಯ್ತು, ಪಿಸಿಆರ್ ಕಂಡುಹಿಡಿದ ಕ್ಯಾರಿ ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು.

"2021ರಲ್ಲಿ ನಿನ್ನ ಮೂಗಿಗೆ ಕಡ್ಡಿ ಹಾಕಿದ್ರಲ್ಲ, ಆ ಟೆಸ್ಟಿಗೆ ಬೇಕಾಗೋ ಅಂಥ ಕಿಣ್ವ ಮೊದಲು ಸಿಕ್ಕಿದ್ದು ಇಲ್ಲಿನ ನೀರಲ್ಲೇ" ಅಂದೆ.

ಅಮ್ಮನಿಗೆ ಇದು ತುಂಬಾ ಹಿಡಿಸ್ತು. ಬಗ್ಗಿ ಬಗ್ಗಿ ನೋಡಿದ್ಲು. "ಅಷ್ಟು ಸುಡೋ ನೀರಲ್ಲೂ ಬದುಕ್ತವಾ? ಪಾಪ" ಅಂದ್ಲು. ಪಾಪ ಯಾಕೆ ಅಂತ ನಾನು ಕೇಳಲಿಲ್ಲ.

ಮುಂದೆ ಪೇಂಟ್ ಪಾಟ್‌ಗಳು. ದೊಡ್ಡ ಗುಂಡಿ ತುಂಬ ಬಿಳಿ, ನಸುಗೆಂಪು ಕೆಸರು. ಅಡಿಯಿಂದ ಬರೋ ಅನಿಲ ಗುಳ್ಳೆಯಾಗಿ ಉಬ್ಬಿ ಲೊಚಕ್, ಲೊಚಕ್ ಅಂತ ಒಡೀತಾ ಇತ್ತು. ನೆಲದ ಅಡಿಯಿಂದ ಬರೋ ಗಂಧಕದ ಅನಿಲವನ್ನ ಸೂಕ್ಷ್ಮಜೀವಿಗಳು ಆಮ್ಲ ಮಾಡ್ತವೆ, ಆ ಆಮ್ಲ ಬಂಡೆಯನ್ನ ಕರಗಿಸಿ ಜೇಡಿ ಮಾಡತ್ತೆ. ಮಳೆ, ಹಿಮ ಇದ್ದಾಗ ತೆಳು. ಬೇಸಿಗೆ ಕೊನೆಗೆ ಗಟ್ಟಿ. ನಾವು ಹೋಗಿದ್ದು ಸೆಪ್ಟೆಂಬರಿನಲ್ಲಿ, ಗಟ್ಟಿಯಾಗಿತ್ತು.

"ಆಲೆಮನೆ ಕೊಪ್ಪರಿಗೆ ತರ ಇದೆ, ಅಲ್ವಾ? ಬೆಲ್ಲ ಪಾಕ ಬರೋ ಹೊತ್ತಿಗೆ ಹಿಂಗೇ ಗುಳ್ಳೆ ಬರತ್ತೆ" ಅಂದೆ.

"ಚೊಗರಿನ ತರ ಇದೆ" ಅಂದ್ಲು ಅಮ್ಮ.

ಅಡಿಕೆ ಸೀಮೆಯವರಲ್ಲದವರಿಗೆ ಇದನ್ನೂ ಹೇಳಬೇಕು. ಹಸಿ ಅಡಿಕೆ ಸುಲಿದು ದೊಡ್ಡ ಹಂಡೆಯಲ್ಲಿ ಬೇಯಿಸ್ತಾರೆ. ಬೇಯಿಸಿದ ನೀರನ್ನ ಚೆಲ್ಲಲ್ಲ. ಅದರಲ್ಲೇ ಮತ್ತೆ ಮತ್ತೆ ಬೇಯಿಸ್ತಾ ಹೋದ ಹಾಗೆ ಅದು ಕೆಂಪಗೆ ಮಂದ ಆಗತ್ತೆ. ಅದೇ ಚೊಗರು. ಅಡಿಕೆಗೆ ಬಣ್ಣ ಬರೋದು ಅದರಿಂದ. ಮೈಗೆ ಬಿದ್ರೆ ಬರೀ ನೀರಿನ ಹಾಗೆ ಹರಿದು ಹೋಗಲ್ಲ. ಅಂಟಿಕೊಳ್ಳತ್ತೆ.

ಇಷ್ಟು ಖಚಿತವಾಗಿ ಹೇಗೆ ಹೇಳ್ತೀನಿ ಅಂದ್ರೆ, ನನ್ನ ಎಡಗಾಲಿನಲ್ಲಿ ಮಂಡಿ ಕೆಳಗಿಂದ ಪಾದದವರೆಗೆ ಚೊಗರು ಬಿದ್ದ ಕಲೆ ಇದೆ. ನಾಲ್ಕು ವರ್ಷದವನಿದ್ದಾಗ ಆಗಿದ್ದು. ನನಗೆ ನೆನಪಿಲ್ಲ. ನೆನಪಿರೋದು ಅಜ್ಜಿ ಹೇಳ್ತಿದ್ದ ಕಥೆ ಮಾತ್ರ: "ಮಂಗನ ಹಾಗೆ ಕುಣೀತಾ ಓಡಿ ಬಂದ ಇವ, ಬಿಸಿ ಚೊಗರಿನ ಬಕೀಟಿಗೆ ಕಾಲು ಹಾಕಿದ. ಕಣ್ಣು ಎಲ್ಲಿತ್ತೋ!" ಮನೆಗೆ ಬಂದವರಿಗೆಲ್ಲ ಅಜ್ಜಿ ಇದನ್ನ ಹೇಳೋಳು. ನಾನೂ ನಗ್ತಿದ್ದೆ. ಹಾಸ್ಟೆಲಿನಲ್ಲಿ ಫ್ರೆಂಡ್ಸ್ ಕೇಳಿದ್ರೆ ನಾನೂ ಅದನ್ನೇ ಹೇಳ್ತಿದ್ದೆ, ಅಜ್ಜಿಯ ದನಿಯಲ್ಲೇ.

ಸರಿ, ಮುಂದೆ ಹೋದ್ವಿ. ಇನ್ನು ಉಗಿಯ ಬಿಲಗಳು. ಅಲ್ಲಿ ನೀರೇ ಕಾಣಲ್ಲ. ನೆಲದೊಳಗೆ ನೀರು ಎಷ್ಟು ಕಮ್ಮಿ ಅಂದ್ರೆ, ಮೇಲೆ ಬರೋದರೊಳಗೆ ಪೂರ್ತಿ ಉಗಿ ಆಗಿಬಿಡತ್ತೆ. ಕುಕ್ಕರಿನ ವಿಷಲ್ ಎತ್ತಿ ಹಿಡಿದ ಹಾಗೆ ಸುಂಯ್... ಅಂತ ಒಂದೇ ಸಮನೆ ಶಬ್ದ. ಪಕ್ಕದಲ್ಲೇ ರೆಡ್ ಸ್ಪೌಟರ್. ಅದು 1959ರ ಆಗಸ್ಟ್‌ನಲ್ಲಿ ಹೆಬ್ಗೆನ್ ಲೇಕ್ ಹತ್ರ ಆದ 7.3 ತೀವ್ರತೆಯ ಭೂಕಂಪದ ನಂತರ ಹುಟ್ಟಿಕೊಂಡಿದ್ದಂತೆ. ಅದಕ್ಕೆ ಮುಂಚೆ ಅಲ್ಲಿ ಹುಲ್ಲಿನ ನೆಲ ಇತ್ತು. ನೀರು ಹೆಚ್ಚಿದ್ದ ಕಾಲದಲ್ಲಿ ಕೆಂಪು ಕೆಸರು ನೀರು ಉಗುಳತ್ತೆ, ಬೇಸಿಗೆ ಕೊನೆಗೆ ಬರೀ ಉಗಿ. ಸುತ್ತ ಒಣಗಿ ನಿಂತ ಪೈನ್ ಮರಗಳು, ಎಲ್ಲದರ ಬುಡವೂ ಬೆಳ್ಳಗೆ, ಕಾಲುಚೀಲ ಹಾಕಿದ ಹಾಗೆ. ಬಿಸಿನೀರಿನಲ್ಲಿ ಕರಗಿದ ಸಿಲಿಕಾವನ್ನ ಬೇರಿನಲ್ಲಿ ಹೀರಿ ಹೀರಿ, ಒಳಗೆಲ್ಲ ಕಟ್ಟಿಕೊಂಡು ಸತ್ತ ಮರಗಳವು.

ಗಾಳಿ ಬೀಸಿದ್ದು ಅಲ್ಲಿ. ಉಗಿ ಪೂರಾ ನಮ್ಮ ಮೇಲೇ ಬಂತು. ನನ್ನ ಕನ್ನಡಕ ಮಂಜಾಗಿ ಏನೂ ಕಾಣದು. ಕನ್ನಡಕ ಒರೆಸಿಕೊಳ್ಳೋಕೆ ಅಂತ ಅಮ್ಮನ ಕೈ ಬಿಡಿಸಿಕೊಂಡೆ. ಅಷ್ಟರಲ್ಲಿ ತಲೆ ಮೇಲಿದ್ದ ಟೋಪಿ ಹಾರಿತು. ಹಾರಿ ದೂರವೂ ಹೋಗಲಿಲ್ಲ, ಹಲಗೆ ಅಂಚಿನಿಂದ ಒಂದು ಮಾರು ದೂರ, ಬಿಳೀ ನೆಲದ ಮೇಲೆ ಬೈಸನ್ ಮೇಲೆ ಮಾಡಿಕೊಂಡು ಬಿತ್ತು.

ಸುಳ್ಳು ಹೇಳಲ್ಲ. ಅಷ್ಟೊತ್ತು ಅಮ್ಮನಿಗೆ ಪಾಠ ಮಾಡಿದ್ದ ನಾನೇ, ಒಂದು ಮೊಣಕಾಲೂರಿ, ಒಂದು ಕೈಯಲ್ಲಿ ಹಲಗೆ ಹಿಡಿದು, ಇನ್ನೊಂದು ಕೈ ಚಾಚಿದೆ. ನೆಲ ಗಟ್ಟಿಯಾಗೇ ಕಾಣ್ತಿತ್ತು. ಕೈಗೆ ಸಿಗಲಿಲ್ಲ. ಒಂದೇ ಒಂದು ಕಾಲು ಕೆಳಗಿಟ್ಟರೆ ಸಿಗತ್ತೆ. ಎಡಗಾಲು ಅಂಚಿನಿಂದ ಆಚೆ ಹೋಗಿತ್ತು ಅಂತ ಆಮೇಲೆ ಅಮ್ಮ ಹೇಳಿದ್ದು, ನನಗೆ ಗೊತ್ತೇ ಆಗಿರ್ಲಿಲ್ಲ.

"ಬೇಡ್ವೋ!"

ಅಮ್ಮ ಹಾಗೆ ಕಿರುಚಿದ್ದನ್ನ ನಾನು ಜನ್ಮದಲ್ಲಿ ಕೇಳಿರಲಿಲ್ಲ. ಜಾಕೆಟ್ಟಿನ ಕಾಲರ್ ಹಿಡಿದು ಹಿಂದಕ್ಕೆ ಎಳೆದ್ಲು ನೋಡಿ, ನಾನು ಹಲಗೆ ಮೇಲೆ ಅಂಗಾತ ಬಿದ್ದೆ. ಐವತ್ತೈದು ದಾಟಿದ, ಮಂಡಿ ನೋವಿನ ಹೆಂಗಸಿಗೆ ಆ ಶಕ್ತಿ ಎಲ್ಲಿಂದ ಬಂತೋ. ಸುತ್ತಲಿದ್ದವರೆಲ್ಲ ತಿರುಗಿ ನೋಡಿದ್ರು. ಒಬ್ಬರು ಅಜ್ಜ ಬಂದು "ಆರ್ ಯೂ ಓಕೆ?" ಅಂತ ವಿಚಾರಿಸಿಕೊಂಡು ಹೋದ್ರು. ನನಗೆ ನಾಚಿಕೆ, ಸಿಟ್ಟು ಎರಡೂ.

"ಏನಮ್ಮ ನೀನು, ಎಲ್ರೂ ನೋಡ್ತಿದಾರೆ. ಬರೀ ಕೈ ಚಾಚಿದ್ದಪ್ಪ..."

ಅಮ್ಮ ಮಾತಾಡಲಿಲ್ಲ. ಅವಳ ಕೈ ನಡುಗ್ತಾ ಇತ್ತು. ನನ್ನ ಸಿಟ್ಟು ಅಲ್ಲೇ ಇಳೀತು.

ಸ್ವಲ್ಪ ಮುಂದೆ ಹೋದ್ರೆ ದಾರಿ ಒಂದು ಕಡೆ ಅಗಲವಾಗಿ, ಕೆಳಗೆ ಗೀಸರುಗಳು ಕಾಣೋ ಹಾಗಿದೆ. ಕ್ಲೆಪ್ಸಿಡ್ರಾ ಅಂತ ಒಂದು ಗೀಸರ್. ಹಳೇ ಗ್ರೀಕರ ನೀರಿನ ಗಡಿಯಾರದ ಹೆಸರು ಅದಕ್ಕೆ, ಮೊದಲು ಅಷ್ಟು ಲೆಕ್ಕವಾಗಿ ಹಾರ್ತಿತ್ತಂತೆ. ಆ 1959ರ ಭೂಕಂಪ ಆದ ಮೇಲೆ ಲೆಕ್ಕ ತಪ್ಪಿ, ಹೆಚ್ಚು ಕಮ್ಮಿ ನಿಲ್ಲದೇ ನೀರು ಚಿಮ್ಮಿಸ್ತಾನೇ ಇದೆ. ನಾವು ಕಂಬಿಗೆ ಒರಗಿ ನಿಂತ್ವಿ. ಇದನ್ನೆಲ್ಲ ಆಗ ಅಮ್ಮನಿಗೆ ಹೇಳಲಿಲ್ಲ. ಸುಮ್ಮನೆ ನಿಂತಿದ್ವಿ.

ಎಷ್ಟೋ ಹೊತ್ತಿನ ಮೇಲೆ ಅಮ್ಮ ನೀರನ್ನ ನೋಡ್ತಾನೇ ಶುರು ಮಾಡಿದ್ಲು.

"ಅವತ್ತು ನೀನು ಮಂಗನ ಹಾಗೆ ಓಡಿ ಬಂದಿದ್ದಲ್ಲ ಕಣೋ. ನಾನು ಕರೆದಿದ್ದೆ."

ನನಗೆ ತಕ್ಷಣ ಅರ್ಥ ಆಗಲಿಲ್ಲ.

"ಅವತ್ತು ಕರೆಂಟ್ ಹೋಗಿತ್ತು. ಜಗಲಿಯಲ್ಲಿ ಅಡಿಕೆ ಸುಲಿಯೋರು ಚಿಮಣಿ ಬುಡ್ಡಿ ಇಟ್ಕೊಂಡು ಕೂತಿದ್ರು. ನೀನು ಅವರ ಹತ್ರ ಸಿಪ್ಪೆ ಗುಡ್ಡೆ ಮೇಲೆ ಆಡ್ತಿದ್ದೆ. ಹಂಡೆ ತುಂಬಿತ್ತು, ನಾನು ಸ್ವಲ್ಪ ಚೊಗರು ಬಕೀಟಿಗೆ ತೋಡಿ ಬಾಗಿಲ ಹತ್ರ ಇಟ್ಟೆ. ಒಳಗೆ ಹಾಲು ಉಕ್ಕೋ ವಾಸನೆ ಬಂತು, ಓಡಿದೆ. ಹಾಲು ಇಳಿಸಿ, ಲೋಟಕ್ಕೆ ಹಾಕಿ ಆರಿಸಿ, ಅಲ್ಲಿಂದಲೇ ನಿನ್ನ ಕರೆದೆ. ಬಾ ಪುಟ್ಟಾ ಹಾಲು ಕುಡಿ ಬಾ ಅಂತ. ಬಕೀಟು ದಾರಿಯಲ್ಲಿದೆ ಅನ್ನೋದೇ ಮರೆತು ಹೋಗಿತ್ತು ನಂಗೆ. ನೀನು ಕರೆದ ಕೂಡ್ಲೇ ಬರೋ ಮಗು..."

ಕೆಳಗೆ ನೀರು ಹಾರ್ತಾನೇ ಇತ್ತು.

"ಅಜ್ಜಿ ಅಲ್ಲೇ ಅಡುಗೆಮನೆ ಬಾಗಿಲಲ್ಲಿ ಇದ್ರು. ಅವರಿಗೆ ಎಲ್ಲ ಗೊತ್ತಿತ್ತು. ನಿನ್ನ ಬಾಳೆ ಎಲೆ ಮೇಲೆ ಮಲಗಿಸಿ, ಪಕ್ಕದ ಮನೆಯವರ ಜೀಪಲ್ಲಿ ಪೇಟೆ ಆಸ್ಪತ್ರೆಗೆ ಹೊತ್ಕೊಂಡು ಹೋದ್ವಿ. ವಾಪಸ್ ಬಂದಾಗ ಊರಿಗೆ ಊರೇ ನಮ್ಮನೆ ಜಗಲಿ ಮೇಲಿತ್ತು. ಯಾರು, ಹೇಗೆ, ಬಕೀಟು ಅಲ್ಲಿಟ್ಟಿದ್ದು ಯಾರು ಅಂತ ಎಲ್ಲರೂ ಕೇಳೋರೇ. ನಾನು ಬಾಯಿ ಬಿಡೋದರೊಳಗೆ ಅಜ್ಜಿ ಹೇಳಿಬಿಟ್ರು. ಹುಡುಗ ಮಂಗನ ಹಾಗೆ ಓಡಿ ಬಂದ ಅಂತ. ಆಮೇಲೆ ಸಾಯೋವರೆಗೂ ಅದನ್ನೇ ಹೇಳಿದ್ರು. ನಂಗೆ ಒಂದು ಮಾತು ಆಡಲಿಲ್ಲ."

ನಮ್ಮ ಅಜ್ಜಿ ಎಂಥವಳು ಅಂದ್ರೆ, ಸಾರಿಗೆ ಉಪ್ಪು ಒಂದು ಕಲ್ಲು ಹೆಚ್ಚಾದ್ರೂ ಮೂರು ದಿನ ಅಮ್ಮನಿಗೆ ಅನ್ನೋಳು. ಅಮ್ಮ, ಅಜ್ಜಿ ನಡುವೆ ಪ್ರೀತಿ ಇತ್ತು ಅಂತ ಯಾರಾದ್ರೂ ಹೇಳಿದ್ರೆ ನಾನು ನಂಬ್ತಾ ಇರಲಿಲ್ಲ. ಆ ಅಜ್ಜಿ, ಮನೆಗೆ ಬಂದವರಿಗೆಲ್ಲ ಯಾಕೆ ಆ ಕಥೆ ಅಷ್ಟು ಸಲ ಹೇಳ್ತಿದ್ಲು ಅಂತ ಈಗ ಗೊತ್ತಾಯ್ತು. ನಾನು ನಕ್ಕಿದ್ದೂ, ಅದನ್ನ ಅಜ್ಜಿ ದನಿಯಲ್ಲಿ ಅಣಕಿಸಿದ್ದೂ, ಅಮ್ಮ ಒಳಗೆ ಕೂತು ಕೇಳಿಸಿಕೊಂಡಿರ್ತಾಳೆ ಪ್ರತಿ ಸಲ.

ಇನ್ನೊಂದು ನೆನಪಾಯ್ತು. ಅಡಿಕೆ ಸುಗ್ಗಿಯಲ್ಲಿ ಅಮ್ಮ ಎಲ್ಲ ಕೆಲಸ ಮಾಡ್ತಾಳೆ. ಸುಲೀತಾಳೆ, ಆರಿಸ್ತಾಳೆ, ಇಪ್ಪತ್ತು ಜನಕ್ಕೆ ಅಡುಗೆ ಮಾಡ್ತಾಳೆ. ಬೇಯಿಸೋ ಒಲೆ ಹತ್ರ ಮಾತ್ರ ಬರಲ್ಲ. "ಹೊಗೆ ಆಗಲ್ಲ ನಂಗೆ" ಅಂತಾಳೆ. ದಿನಾ ಸೌದೆ ಒಲೆಯಲ್ಲಿ ನೀರು ಕಾಯಿಸೋಳಿಗೆ ಹೊಗೆ ಆಗಲ್ವಾ? ನಾನು ಒಂದು ದಿನವೂ ಯೋಚನೆ ಮಾಡಿರಲಿಲ್ಲ.

"ಅಪ್ಪಂಗೆ ಗೊತ್ತಾ?"

"ಹೇಳಿಲ್ಲ."

ಏನು ಹೇಳಬೇಕು ಅಂತ ನನಗೆ ತೋಚಲಿಲ್ಲ. ಸಿನೆಮಾದಲ್ಲಾದ್ರೆ ಇಲ್ಲಿ ಒಂದು ಡೈಲಾಗ್ ಇರತ್ತೆ. "ಪರವಾಗಿಲ್ಲಮ್ಮ" ಅನ್ನೋದು ತೀರಾ ಸಣ್ಣ ಮಾತು ಅನ್ನಿಸ್ತು. ಕಡೆಗೆ ನಾನು ಹೇಳಿದ್ದು, "ನಂಗೇನೂ ನೆನಪಿಲ್ಲಮ್ಮ. ನೋವೂ ಇಲ್ಲ" ಅಂತ.

"ನಂಗಿದೆ" ಅಂದ್ಲು. ಸೆರಗಲ್ಲಿ ಮೂಗು ಒರೆಸಿಕೊಂಡು, "ನಡಿ, ಚಳಿ" ಅಂದ್ಲು.

ಉಳಿದ ಅರ್ಧ ಸುತ್ತು ನಾನೇ ಅವಳ ಕೈ ಹಿಡಿದುಕೊಂಡು ನಡೆದೆ. ಯಾರು ನೋಡಿದ್ರೋ ಬಿಟ್ರೋ. ಪಾರ್ಕಿಂಗಿನ ಹತ್ರ ಒಬ್ಬ ರೇಂಜರ್ ಸಿಕ್ಕಿದ್ರು, ಟೋಪಿ ವಿಷಯ ಹೇಳಿದೆ. ಗಾಳಿಗೆ ದಿನಾ ಒಂದಲ್ಲ ಒಂದು ಟೋಪಿ ಹಾರತ್ತೆ, ನಾವು ತೆಗೀತೀವಿ, ನೀವು ತೆಗೆಯೋಕೆ ಹೋಗಲಿಲ್ಲ ತಾನೇ ಅಂದ್ರು. "ಇಲ್ಲ" ಅಂದೆ. ಅಮ್ಮ ನನ್ನ ಮುಖ ನೋಡಿದ್ಲು. ಇಂಗ್ಲಿಷ್ ಬರದಿದ್ರೂ ಸುಳ್ಳು ಅರ್ಥ ಆಗತ್ತೆ ಅಮ್ಮಂದಿರಿಗೆ.

ಆಮೇಲೆ ಓಲ್ಡ್ ಫೇತ್‌ಫುಲ್ ನೋಡಿದ್ವಿ. ಬೋರ್ಡಿನಲ್ಲಿ ಹಾಕಿದ ಸಮಯಕ್ಕೆ ಐದು ನಿಮಿಷ ಆಚೀಚೆ, ಸರಿಯಾಗಿ ಹಾರಿತು. ಸಾವಿರಾರು ಜನ ಚಪ್ಪಾಳೆ ತಟ್ಟಿದ್ರು. ಅಮ್ಮನೂ ತಟ್ಟಿದ್ಲು. "ನಿನ್ನ ಬಚ್ಚಲ ಗೀಸರ್‌ಗಿಂತ ಇದೇ ವಾಸಿ, ಹೇಳಿದ ಹೊತ್ತಿಗೆ ಬಿಸಿನೀರು ಕೊಡತ್ತೆ" ಅಂದ್ಲು. ಪುಳಿಯೋಗರೆ ತಿಂದ್ವಿ. ರಾತ್ರಿ ಅಪ್ಪನಿಗೆ ಫೋನ್ ಮಾಡಿ ಟೋಪಿ ಹೋದ ಕಥೆ ಹೇಳಿದ್ವಿ, ಉಳಿದದ್ದನ್ನ ಹೇಳಲಿಲ್ಲ. "ಹೋದ್ರೆ ಹೋಯ್ತು, ಹಾಳೆ ಟೋಪಿ ಇದೆ" ಅಂದ್ರು. ಅಮ್ಮ ನನ್ನ ಕಡೆ ನೋಡಿ, ನಾನು ಹೇಳಿರಲಿಲ್ವಾ ಅನ್ನೋ ಹಾಗೆ ಹುಬ್ಬು ಹಾರಿಸಿದ್ಲು.

ಅಕ್ಟೋಬರ್ ಕೊನೆಗೆ ಅಮ್ಮ ಊರಿಗೆ ಹೋದ್ಲು. ಡಿಸೆಂಬರಿನಲ್ಲಿ ಒಂದು ದಿನ ನಾನು ಆಫೀಸಿಗೆ ಹೊರಡೋ ಹೊತ್ತಿಗೆ ಅಪ್ಪನ ಫೋನು. ಊರಲ್ಲಿ ರಾತ್ರಿ, ಅಡಿಕೆ ಬೇಯಿಸ್ತಾ ಇದ್ರಂತೆ, ಹಿಂದೆ ಒಲೆ ಚಟಪಟ ಅನ್ನೋದು ಕೇಳ್ತಿತ್ತು. ತೋಟ, ಕೊಳೆ, ರೇಟು ಎಲ್ಲ ಆಯ್ತು. ಆಮೇಲೆ ಸುಮ್ಮನಾದ್ರು. ಕಟ್ ಆಯ್ತೇನೋ ಅಂದುಕೊಂಡೆ.

"ನಿಮ್ಮಮ್ಮ ಹೇಳಿದ್ಲು" ಅಂದ್ರು.

"ಏನು?"

"ಅದೇ, ಆ ಬಕೀಟಿನದ್ದು. ಇಪ್ಪತ್ತನಾಲ್ಕು ವರ್ಷ ಆಯ್ತು, ಈಗ ಹೇಳ್ತಾಳೆ." ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ಒಲೆಗೆ ಸೌದೆ ಹಾಕ್ತಾ ಇದ್ದವ ನಾನು. ಬಕೀಟು ಬಾಗಿಲಲ್ಲಿ ಇದ್ದಿದ್ದು ನಂಗೂ ಕಂಡಿತ್ತು. ಈಚೆ ಇಡಬೇಕು ಅಂದ್ಕೊಂಡೆ. ಈ ಒಂದು ಕೊಳ್ಳಿ ನೂಕಿ ಏಳ್ತೀನಿ ಅಂತ ಕೂತೆ" ಅಂದ್ರು.

ಅಷ್ಟೇ. ನಮ್ಮಪ್ಪ ಅದಕ್ಕಿಂತ ಹೆಚ್ಚು ಮಾತಾಡೋ ಜನ ಅಲ್ಲ. ನಾನು ಫೋನ್ ಹಿಡಿದುಕೊಂಡು ಕಾರಿನ ಪಕ್ಕ ನಿಂತೇ ಇದ್ದೆ. ಒಂದೇ ಬಕೀಟಿನ ಭಾರ ಮೂರು ಜನ ಹೊತ್ತಿದ್ರು, ಒಬ್ಬರಿಗೆ ಗೊತ್ತಿಲ್ಲದ ಹಾಗೆ ಇನ್ನೊಬ್ಬರು. ಅದು ಬಿದ್ದಿದ್ದು ನನ್ನ ಕಾಲ ಮೇಲೆ, ನಾನೊಬ್ಬ ಆರಾಮಾಗಿ ಮರೆತು ಬೆಳೆದಿದ್ದೆ.

ಅಷ್ಟರಲ್ಲಿ ಫೋನಿನಲ್ಲಿ ತೀರಾ ಹತ್ತಿರದಿಂದಲೇ ಅಮ್ಮನ ದನಿ ಕೇಳಿಸ್ತು.

"ಚೊಗರು ಇನ್ನೂ ತೆಳು ಇದೆ, ಈಗಲೇ ತೆಗೀಬೇಡಿ. ಆ ಬಕೀಟು ಈಚೆ ಇಡಿ ಮೊದಲು."

"ಇಟ್ಟೆ ಮಾರಾಯ್ತಿ" ಅಂದ್ರು ಅಪ್ಪ.